ಅಳತೆಗೋಲನ್ನು ಅಳೆಯುವವರಾರು?

೨೦೨೫ನೆಯ ಇಸವಿಯ ಜೂನ್ ತಿಂಗಳ ಕಡೆಯಲ್ಲಿ ಶುಭಾಂಶು ಶುಕ್ಲರವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಪ್ರವೇಶಿಸಿದಾಗ ನಮ್ಮ ದೇಶದ ಊರೂರುಗಳಲ್ಲಿ ಉಂಟಾದ ಸಂತೋಷವು ಓದುಗರ ನೆನಪಿನಿಂದ ಇನ್ನೂ ಮಾಸಿರಲಾರದು. ೧೯೮೪ರಲ್ಲಿ ರಾಕೇಶ ಶರ್ಮರವರು ಹೋಗಿ ಬಂದ ತರುವಾಯ ನಾಲ್ವತ್ತೊಂದು ವರ್ಷಗಳ ಪರ್ಯಂತ ಭಾರತದ ಪ್ರಜೆಯೊಬ್ಬನೂ ಆ ದಾರಿಯನ್ನು ತುಳಿದಿರಲಿಲ್ಲ. ಶುಕ್ಲರವರು ಸುಮಾರು ಹದಿನೆಂಟು ದಿನ ಅಲ್ಲಿ ತಂಗಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಸಿದ್ಧಪಡಿಸಿದ್ದ ಹೆಸರುಕಾಳು ಮೆಂತ್ಯಗಳನ್ನು ಅಲ್ಲಿ ಮೊಳೆಯಿಸುವ ಪ್ರಯೋಗವೂ ಅವರ ಕೈಯಿಂದ ನಡೆಯಿತಾದ್ದರಿಂದ ಕನ್ನಡಿಗರಿಗೆ ಆ ಯಾತ್ರೆಯಲ್ಲಿ ಒಂದು ಮಡಿ ಹೆಚ್ಚಿನ ಅಭಿಮಾನವುಂಟಾದದ್ದು ಸಹಜವೇ. ಅವರು ಅಲ್ಲಿ ಏನನ್ನು ಉಂಡರು, ಹೇಗೆ ಮಲಗಿದರು ಎಂದು ಕೇಳಿದವರು ಅನೇಕರು. ಅವರು ಕುಡಿದ ನೀರು ಎಲ್ಲಿಯದೆಂದು ಕೇಳಿದವರು ವಿರಳ. ಆ ನೀರು ಕುಡಿಯಲು ಯೋಗ್ಯವೆಂದು ಸಾರಿದ ಯಂತ್ರವು ಸತ್ಯವನ್ನೇ ನುಡಿಯಿತೆಂಬುದಕ್ಕೆ ಪ್ರಮಾಣವೇನೆಂದು ಕೇಳಿದವರನ್ನಂತೂ ನಾವು ಕಾಣೆವು. ಈ ಕೊನೆಯ ಪ್ರಶ್ನೆಯನ್ನು ಇಂದು ಓದುಗರ ಮುಂದಿಡಲು ಅಪೇಕ್ಷಿಸುತ್ತೇವೆ.

ನೀರಿನ ಮೂಲವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಮಡಿವಂತರು ಮೂಗು ಮುರಿಯಬಾರದು. ಆ ನಿಲ್ದಾಣದಲ್ಲಿ ವಾಸಿಸುವವರ ಬೆವರು, ಅವರು ಬಿಟ್ಟ ಉಸಿರಿನ ಹಸಿ, ಅವರ ಮೂತ್ರ, ಇವುಗಳೇ ಬಹುಭಾಗ ಅವರ ನಾಳಿನ ಕುಡಿಯುವ ನೀರು. ಗಾಳಿಯಲ್ಲಿನ ಹಸಿಯನ್ನು ಹಿಂದಕ್ಕೆ ಪಡೆಯುವ ವಿದ್ಯೆಯನ್ನು ರಷ್ಯದವರು ತಮ್ಮ ಹಳೆಯ ನಿಲ್ದಾಣಗಳಲ್ಲಿಯೇ ಸಾಧಿಸಿದ್ದರು. ಮೂತ್ರವನ್ನೂ ಸೇರಿಸಿಕೊಂಡು ನೀರನ್ನು ಶುದ್ಧಿಮಾಡುವ ದೊಡ್ಡ ಯಂತ್ರಸಮೂಹವನ್ನು ಅಮೆರಿಕದವರು ೨೦೦೮ರ ನವೆಂಬರಿನಲ್ಲಿ ಎಂಡೆವರ್ ನೌಕೆಯಲ್ಲಿ ಕಳುಹಿಸಿದರು. ೨೦೦೯ರ ಮೇ ತಿಂಗಳಲ್ಲಿ ಅದರ ನೀರನ್ನು ಕುಡಿಯಲು ಅನುಮತಿ ದೊರೆಯಿತು. ಮೂತ್ರವನ್ನು ಒತ್ತಡವಿಳಿಸಿದ ಪಾತ್ರೆಯಲ್ಲಿ ಬಟ್ಟಿ ಇಳಿಸುತ್ತಾರೆ. ಭಾರವೆಂಬುದಿಲ್ಲದ ಸ್ಥಳದಲ್ಲಿ ದ್ರವವು ತಳದಲ್ಲಿ ನಿಲ್ಲದಾದ ಕಾರಣ ಆ ಪಾತ್ರೆಯನ್ನು ತಿರುಗಿಸುತ್ತಲೇ ಇರಬೇಕು. ಇಳಿದ ನೀರನ್ನು ಗಾಳಿಯಿಂದ ಹಿಡಿದ ನೀರಿನೊಡನೆ ಸೇರಿಸಿ, ಶೋಧಕಗಳ ಮೂಲಕ ಹಾಯಿಸಿ, ಉಳಿದ ಕಶ್ಮಲವನ್ನು ಬಿಸಿಯಾದ ಪಾತ್ರೆಯಲ್ಲಿ ಆಮ್ಲಜನಕದಿಂದ ಸುಟ್ಟು, ಕ್ರಿಮಿಗಳು ಬೆಳೆಯದಂತೆ ಅಯೋಡಿನ್ ಬೆರೆಸುತ್ತಾರೆ. ಕುಡಿಯುವ ಮುನ್ನ ಆ ಅಯೋಡಿನನ್ನೂ ತೆಗೆದುಬಿಡುತ್ತಾರೆ. ದಿನವೂ ಅದನ್ನು ಸೇವಿಸಿದರೆ ಗಂಟಲಿನ ಥೈರಾಯ್ಡ್ ಗ್ರಂಥಿಗೆ ಕೇಡು. ರಷ್ಯದವರ ಭಾಗದಲ್ಲಿ ಅಯೋಡಿನಿನ ಬದಲು ಬೆಳ್ಳಿಯನ್ನು ಉಪಯೋಗಿಸುವರು. ೨೦೨೧ರಲ್ಲಿ ಕಳುಹಿಸಿದ ಇನ್ನೊಂದು ಯಂತ್ರದ ಸಹಾಯದಿಂದ, ಬಟ್ಟಿ ಇಳಿಸಿದ ಮೇಲೆ ಉಳಿಯುವ ಗಟ್ಟಿ ಉಪ್ಪುನೀರಿನಿಂದಲೂ ನೀರನ್ನು ಹಿಂಡಿ ತೆಗೆಯುವುದು ಸಾಧ್ಯವಾಗಿ, ನೂರಕ್ಕೆ ತೊಂಬತ್ತೆಂಟು ಪಾಲು ನೀರು ಹಿಂದಿರುಗುತ್ತಿರುವುದಾಗಿ ೨೦೨೩ರಲ್ಲಿ ನಾಸಾ ಸಂಸ್ಥೆಯವರು ಪ್ರಕಟಿಸಿದರು.

ಈ ನೂರಕ್ಕೆ ತೊಂಬತ್ತೆಂಟು ಎಂಬ ಸಂಖ್ಯೆಯು ಎಷ್ಟು ಮುಖ್ಯವೆಂಬುದನ್ನು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಬ್ಬ ಮನುಷ್ಯನಿಗೆ ಕುಡಿಯಲು, ಅಡಿಗೆಗೆ, ಹಲ್ಲುಜ್ಜಲು, ದಿನಕ್ಕೆ ಸುಮಾರು ೩.೮ ಲೀಟರ್ ನೀರು ಬೇಕೆಂದಿಟ್ಟುಕೊಂಡಿದ್ದಾರೆ. ನಾಲ್ಕು ಜನರು ಮಂಗಳಗ್ರಹಕ್ಕೆ ಹೋಗಿ ಬರಲು ೯೦೦ ದಿನ ಹಿಡಿಯುವುದಾದರೆ ಅವರಿಗೆ ೧೩,೬೮೦ ಲೀಟರ್, ಎಂದರೆ ಹದಿಮೂರೂವರೆ ಟನ್ನಿಗೂ ಮಿಗಿಲಾದ ನೀರು ಬೇಕಾಗುವುದು. ಇದನ್ನೆಲ್ಲ ಹೊತ್ತುಕೊಂಡು ಹೋಗುವುದು ಹುಚ್ಚು ಸಾಹಸ. ಆದಕಾರಣ ಅದೇ ನೀರನ್ನು ತಿರುತಿರುಗಿ ಕುಡಿಯಲೇಬೇಕು. ನೀರು ಎಷ್ಟು ಹೆಚ್ಚಾಗಿ ಸುತ್ತು ತಿರುಗುವುದೋ ಅಷ್ಟು ಹೆಚ್ಚಾಗಿ, ಶೋಧಕಕ್ಕೆ ಸಿಕ್ಕದೆ ತಪ್ಪಿಸಿಕೊಂಡ ವಸ್ತುವು ಅದರಲ್ಲಿ ಕೂಡುತ್ತ ಹೋಗುವುದು. ನಮ್ಮ ಹಳ್ಳಿಯ ಕೆರೆಗೆ ಕೋಡಿಯುಂಟು. ಕೊಳೆಯು ಮಳೆಗಾಲದಲ್ಲಿ ಕೊಚ್ಚಿಹೋಗುವುದು. ಆಕಾಶದ ಕೆರೆಗೆ ಕೋಡಿಯಿಲ್ಲ.

ಆದುದರಿಂದ ಪರೀಕ್ಷೆ ಬೇಕು. ಆದರೆ ಯಾವುದನ್ನು ಪರೀಕ್ಷಿಸುವುದು? ನೀರಿನಲ್ಲಿ ಸೇರಬಹುದಾದ ವಸ್ತುಗಳು ನೂರಾರು. ಒಂದೊಂದಕ್ಕೂ ಒಂದೊಂದು ಯಂತ್ರವನ್ನು ಒಯ್ಯುವುದು ಆಗದ ಮಾತು. ಆದಕಾರಣ ಹೆಸರನ್ನು ಕೇಳದೆ, ಜೀವಿಗಳಿಂದಲೂ ರಸಾಯನಗಳಿಂದಲೂ ಬಂದ ಎಲ್ಲ ಸಾವಯವ ವಸ್ತುಗಳಲ್ಲಿರುವ ಇಂಗಾಲದ ಒಟ್ಟು ಮೊತ್ತವನ್ನು ಮಾತ್ರ ಅಳೆಯುವ ಉಪಾಯವನ್ನು ಕಂಡುಕೊಂಡಿದ್ದಾರೆ. ನೀರಿನ ಮಾದರಿಗೆ ಆಮ್ಲವನ್ನು ಸೇರಿಸಿ, ಅದರಲ್ಲಿ ಮೊದಲೇ ಕರಗಿರುವ ಇಂಗಾಲಾಮ್ಲ ವಾಯುವನ್ನು ಹೊರಡಿಸಿ, ಉಳಿದದ್ದನ್ನು ಪೂರ್ಣವಾಗಿ ಉತ್ಕರ್ಷಿಸಿ, ಆಗ ಹುಟ್ಟುವ ಇಂಗಾಲಾಮ್ಲ ವಾಯುವು ಅವಗೆಂಪು ಕಿರಣವನ್ನು ಎಷ್ಟು ಹೀರಿತೆಂಬುದರಿಂದ ಲೆಕ್ಕ ಹಾಕುವುದು. ಇದಕ್ಕೆ ಟೋಕಾ ಎಂಬ ಸಂಕ್ಷಿಪ್ತ ನಾಮವುಂಟು. ಈಗ ಹೇಳಿದ ೨೦೦೮ರ ಯಾತ್ರೆಯಲ್ಲಿಯೇ ಈ ಯಂತ್ರದ ಎರಡನೆಯ ತಲೆಮಾರು ಮೇಲಕ್ಕೆ ಹೋಯಿತು. ಲೀಟರಿಗೆ ೩ ಮಿಲಿಗ್ರಾಂ ಇಂಗಾಲವನ್ನು ಮೀರಿದರೆ ಆ ನೀರು ಕುಡಿಯಲು ಬಾರದೆಂದು ನಿಯಮ. ಈ ಮೊತ್ತವು ಎಷ್ಟು ಅಲ್ಪವೆಂಬುದು ಊಹೆಗೆ ನಿಲುಕಬೇಕಾದರೆ, ಒಂದು ಸಾವಿರ ಲೀಟರ್ ಹಿಡಿಯುವ ಮನೆಯ ಮಾಳಿಗೆಯ ತೊಟ್ಟಿಗೆ ಸುಮಾರು ಏಳು ಗ್ರಾಂ ಸಕ್ಕರೆಯನ್ನು ಹಾಕಿ ಕದಡಿರೆಂದು ಭಾವಿಸತಕ್ಕದ್ದು. ನಾಲಗೆಗೆ ಸಿಹಿಯೇ ತಿಳಿಯದು. ಯಂತ್ರಕ್ಕೆ ಮಾತ್ರ ತಿಳಿಯಬೇಕು, ಅದೂ ತಪ್ಪಿಲ್ಲದೆ ತಿಳಿಯಬೇಕು.

೨೦೧೦ರಲ್ಲಿ ನಡೆದ ಸಂಗತಿಯೊಂದು ಈ ವಿಷಯದಲ್ಲಿ ಬಹಳ ಬೋಧಪ್ರದವಾದದ್ದು. ಆ ವರ್ಷದ ಮಧ್ಯಭಾಗದಿಂದ ಟೋಕಾ ತೋರಿಸುತ್ತಿದ್ದ ಸಂಖ್ಯೆಯು ವಾರವಾರಕ್ಕೆ ಏರತೊಡಗಿತು. ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುಡಿದವರಿಗೆ ಅಸ್ವಸ್ಥವಿಲ್ಲ. ಹಾಗಾದರೆ ಯಂತ್ರವು ಕೆಟ್ಟಿತೋ, ನೀರು ಕೆಟ್ಟಿತೋ? ಈ ಪ್ರಶ್ನೆಗೆ ಮೇಲಿದ್ದವರು ಉತ್ತರ ಹೇಳಲಾರದಾದರು. ನೀರಿನ ಮಾದರಿಗಳನ್ನು ಚೀಲಗಳಲ್ಲಿ ತುಂಬಿ ಭೂಮಿಗೆ ಇಳಿಸಿದರು. ಹೂಸ್ಟನ್ನಿನ ಜಾನ್ಸನ್ ಕೇಂದ್ರದ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ ಇಂಗಾಲದ ಮೊತ್ತವು ಯಂತ್ರ ಹೇಳಿದಂತೆಯೇ ಏರಿರುವುದು ನಿಜವೆಂದು ಸಿದ್ಧವಾಯಿತು. ಆದರೆ ಅವರು ವಾಡಿಕೆಯಾಗಿ ಹುಡುಕುವ ವಸ್ತುಗಳ ಪಟ್ಟಿಯಲ್ಲಿ ಯಾವುದನ್ನು ಹುಡುಕಿದರೂ ಆ ಮೊತ್ತಕ್ಕೆ ಲೆಕ್ಕ ಕೂಡದು! ಕಡೆಗೆ ಬೇರೆ ವಿಧಾನವನ್ನು ಹೂಡಿ ನೋಡಲಾಗಿ, ಡೈಮಿಥೈಲ್‌ಸಿಲೇನ್‌ಡಯಾಲ್ ಎಂಬ, ಪಟ್ಟಿಯಲ್ಲಿ ಯಾರೂ ಬರೆಯದಿದ್ದ ವಸ್ತುವು ಸಿಕ್ಕಿಬಿದ್ದಿತು. ಗಗನಯಾತ್ರಿಗಳು ಮೈಗೆ ಹಚ್ಚಿಕೊಳ್ಳುವ ಲೇಪಗಳಲ್ಲಿಯೂ ನಿಲ್ದಾಣದ ಬೆಸುಗೆ ಮೇಣಗಳಲ್ಲಿಯೂ ಇರುವ ಸಿಲಿಕೋನ್ ಜಾತಿಯ ವಸ್ತುಗಳು ಗಾಳಿಗೆ ಏರಿ, ಒಡೆದು, ಹಸಿಯೊಡನೆ ನೀರಿಗಿಳಿದು, ಶೋಧಕಗಳನ್ನು ದಾಟಿ ಬಂದುದೇ ಇದರ ಮೂಲ. ದೈವಯೋಗದಿಂದ ಆ ಪ್ರಮಾಣದಲ್ಲಿ ಅದು ಹಾನಿಕರವಲ್ಲವೆಂದು ತಜ್ಞರು ನಿರ್ಣಯಿಸಿದರು. ಶೋಧಕಗಳನ್ನು ಬದಲಿಸಿದ ಮೇಲೆ ಸಂಖ್ಯೆಯು ಇಳಿಯಿತು. ೨೦೧೨ರಲ್ಲಿ ಪುನಃ ಏರಿತು. ಆ ಹೊತ್ತಿಗೆ ಇದು ಪರಿಚಿತ ಅತಿಥಿಯಾದ್ದರಿಂದ ಗಾಬರಿಯಿರಲಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ನೀರಿನ ವಿದ್ಯುದ್ವಾಹಕತ್ವವನ್ನು ಅಳೆಯುವ ಸಲಕರಣೆಯು ಕರಗಿದ ಲವಣಗಳನ್ನು, ಎಂದರೆ ವಿದ್ಯುದಂಶವುಳ್ಳ ಕಣಗಳನ್ನು ಮಾತ್ರ ಕಾಣಬಲ್ಲದು. ಈ ವಸ್ತುವಿನಂಥ ನಿರ್ವಿದ್ಯುತ್ ಪದಾರ್ಥವು ಅದರ ಕಣ್ಣೆದುರಿಗೇ ಹಾದುಹೋಗಬಹುದು. ನಮ್ಮ ಪಟ್ಟಣಗಳಲ್ಲಿ ನೀರಿನ ಯಂತ್ರವನ್ನು ಮಾರಲು ಬರುವ ಹುಡುಗರು ಲೇಖನಿಯಂಥ ಒಂದು ಟಿ.ಡಿ.ಎಸ್. ಮೀಟರನ್ನು ಲೋಟದಲ್ಲಿ ಅದ್ದಿ, ಸಂಖ್ಯೆಯನ್ನು ತೋರಿಸಿ, ಮನೆಯವರನ್ನು ಹೆದರಿಸಿ ಹೋಗುವುದನ್ನು ಓದುಗರು ಕಂಡಿರುವರಷ್ಟೆ. ಆ ಲೇಖನಿಯೂ ಇದೇ ಜಾತಿಯದು. ರೋಗಾಣುಗಳೂ ಕೀಟನಾಶಕಗಳೂ ತುಂಬಿದ ನೀರಿನಲ್ಲಿ ಅದು ಅತಿ ಸಣ್ಣ ಸಂಖ್ಯೆಯನ್ನು ತೋರಿಸಿ ಸುಮ್ಮನಿರಬಲ್ಲದು.

ಇರಲಿ. ೨೦೧೦ರ ಕಥೆಯಲ್ಲಿ ಯಂತ್ರವನ್ನು ನಂಬಲು ಸಾಧ್ಯವಾದದ್ದು ಹೇಗೆ? ಕೆಳಗೆ ಒಂದು ಪ್ರಯೋಗಶಾಲೆಯಿತ್ತು, ಮಾದರಿಯನ್ನು ಇಳಿಸಲು ನೌಕೆಯಿತ್ತು, ಈ ಎರಡರಿಂದ. ಇದನ್ನೇ ಯಂತ್ರಶಾಸ್ತ್ರದವರು ಕ್ಯಾಲಿಬ್ರೇಷನ್ ಎನ್ನುವ ಕಾರ್ಯದ ತಿರುಳೆನ್ನಬಹುದು. ನಾವು ಕನ್ನಡದಲ್ಲಿ ತಾಳೆ ನೋಡುವುದೆಂದು ಹೇಳೋಣ. ಇದು ಹೊಸ ವಿಷಯವೇನೂ ಅಲ್ಲ. ಸಂತೆಯ ತಕ್ಕಡಿಯ ಬೊಟ್ಟನ್ನು ತೂಕ ಮತ್ತು ಅಳತೆಗಳ ಅಧಿಕಾರಿಗಳು ನಿಯತಕಾಲಕ್ಕೆ ತಮ್ಮ ಬೊಟ್ಟಿನೊಡನೆ ತೂಗಿ ಮುದ್ರೆಯೊತ್ತುವರು; ಅವರ ಬೊಟ್ಟನ್ನು ಮೇಲಿನವರು ತೂಗುವರು; ಹೀಗೆ ಏರುತ್ತ ಹೋಗಿ ದಿಲ್ಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಶಾಲೆಯಲ್ಲಿ ಕಾಪಾಡಿಕೊಂಡು ಬಂದಿರುವ ಮೂಲಮಾನಕ್ಕೆ ಮುಟ್ಟುವುದು. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ತಿಕ್ಕುವಾಗ ಪಕ್ಕದಲ್ಲಿ ಗೊತ್ತಾದ ಮಾತ್ರೆಯ ಚಿನ್ನದ ಗೆರೆಯನ್ನೂ ಎಳೆಯುವುದು ಇದೇ ತತ್ತ್ವದಿಂದ. ಯಂತ್ರವು ಹೇಳುವ ಸಂಖ್ಯೆಗೆ ಸ್ವತಃ ಅರ್ಥವಿಲ್ಲ. ಗೊತ್ತಾದ ವಸ್ತುವಿನ ಮುಂದೆ ಅದು ಏನು ಹೇಳಿತೆಂಬುದರಿಂದಲೇ ಅರ್ಥ.

ಈ ಬರೆಹಗಾರನ ಮನೆಯ ಅನುಭವವನ್ನು ಹೇಳಿದರೆ ಅಪ್ರಸ್ತುತವಾಗದೆಂದು ನಂಬುತ್ತೇವೆ. ವಯಸ್ಸಿನ ಕಾಣಿಕೆಯಾಗಿ ಬಂದ ಸಕ್ಕರೆ ಕಾಯಿಲೆಯ ನಿಮಿತ್ತ ಬೆರಳು ಚುಚ್ಚಿ ರಕ್ತದ ಸಕ್ಕರೆಯನ್ನು ನೋಡುವ ಪುಟ್ಟ ಯಂತ್ರವೊಂದು ನಮ್ಮಲ್ಲಿದೆ. ಒಂದು ಮಳೆಗಾಲದಲ್ಲಿ ಅದು ದಿನವೂ ಬಹು ಹಿತವಾದ ಸಂಖ್ಯೆಗಳನ್ನೇ ಹೇಳುತ್ತ ಬಂದಿತು. ನಾವೂ ಹಬ್ಬದ ಹೋಳಿಗೆಗಳಲ್ಲಿ ಸಂಯಮವನ್ನು ತುಸು ಸಡಿಲಿಸಿದೆವು. ಬಳಿಕ ಪ್ರಯೋಗಶಾಲೆಯಲ್ಲಿ ರಕ್ತವನ್ನು ಕೊಟ್ಟು ನೋಡಿದರೆ ಬೇರೆಯೇ ಕಥೆ! ವೈದ್ಯರು ವಿಚಾರಿಸಿದಾಗ ತಿಳಿದುಬಂದದ್ದು ಇಷ್ಟು: ಪರೀಕ್ಷಾಪಟ್ಟಿಗಳ ಡಬ್ಬಿಯ ಮುಚ್ಚಳವನ್ನು ನಾವು ಸರಿಯಾಗಿ ಹಾಕದೆ ತೇವವು ಹೊಕ್ಕಿತ್ತು. ಯಂತ್ರವು ನಿರ್ದೋಷಿ, ಪಟ್ಟಿಯೂ ಹುಟ್ಟಿನಿಂದ ನಿರ್ದೋಷಿ. ಕಾಲವೂ ಗಾಳಿಯೂ ಅದನ್ನು ಕೆಡಿಸಿದ್ದವು. ಸುಳ್ಳು ಹೇಳುವಾಗ ಯಂತ್ರದ ಧ್ವನಿಯೇನೂ ನಡುಗುವುದಿಲ್ಲ.

ಮಂಗಳಯಾತ್ರೆಯಲ್ಲಿ ಬರುವ ಇಕ್ಕಟ್ಟು ಇದೇ. ಅಲ್ಲಿಂದ ಮಾದರಿಯನ್ನು ಇಳಿಸುವ ನೌಕೆಯಿಲ್ಲ. ರೇಡಿಯೋ ವಾರ್ತೆಯೊಂದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಲು ಗ್ರಹಗಳ ದೂರಕ್ಕನುಸಾರವಾಗಿ ಸುಮಾರು ೩ರಿಂದ ೨೨ ನಿಮಿಷ ಬೇಕು. ವಾರ್ತೆಯು ಹೋದೀತೇ ಹೊರತು ನೀರಿನ ಚೀಲವು ಹೋಗಲಾರದು. ಗಗನಯಾನದ ಕುಡಿಯುವ ನೀರಿಗೆ ಒಂದು ದಿನ, ಹತ್ತು ದಿನ, ನೂರು ದಿನ, ಸಾವಿರ ದಿನ ಸೇವಿಸಿದರೆ ಯಾವ ವಸ್ತುವು ಎಷ್ಟು ಇರಬಹುದೆಂದು ನಾಲ್ಕು ಬಗೆಯ ಮಿತಿಗಳನ್ನು ಅಮೆರಿಕದ ವಿದ್ವಾಂಸರು ಏರ್ಪಡಿಸಿದ್ದಾರೆ. ಸಾವಿರ ದಿನದ ಅಂಕಣವು ಕಾಗದದ ಮೇಲೆ ಸಿದ್ಧವಾಗಿದೆ. ಸಾವಿರ ದಿನ ತಪ್ಪದೆ ಸಾಕ್ಷಿ ನುಡಿಯುವ ಯಂತ್ರವು ಸಿದ್ಧವಾಗುವುದು ಬೇರೆ ಮಾತು.

ತಾಳೆ ನೋಡಲು ಗೊತ್ತಾದ ಪ್ರಮಾಣದ ದ್ರವವನ್ನು ಶೀಶೆಯಲ್ಲಿ ತುಂಬಿ ಜೊತೆಯಲ್ಲಿ ಒಯ್ದರಾಯಿತಲ್ಲ ಎಂದು ಯಾರಾದರೂ ಹೇಳಬಹುದು. ಒಯ್ಯುವುದು ಸುಲಭ, ಅದು ಮೂರು ವರ್ಷ ತನ್ನ ಮಾತಿಗೆ ನಿಲ್ಲುವುದು ಕಷ್ಟ. ಇಂಗಾಲವನ್ನಳೆಯುವ ಯಂತ್ರಗಳನ್ನು ತಾಳೆ ನೋಡಲು ಭೂಮಿಯಲ್ಲಿ ಬಳಸುವ ಪ್ರಮಾಣದ್ರವಗಳಲ್ಲಿ ನಮ್ಮ ಅಡಿಗೆಮನೆಯ ಸಕ್ಕರೆಯೂ ಒಂದು. ಔಷಧಗಳ ತಯಾರಿಕೆಗೆ ಬೇಕಾದ ನೀರಿನ ವಿಷಯದಲ್ಲಿ ಅಮೆರಿಕದ ಔಷಧಸಂಹಿತೆಯವರು ಸುಲಭವಾಗಿ ಉರಿಯುವ ಸಕ್ಕರೆಯನ್ನೂ ಬಹು ಕಷ್ಟದಿಂದ ಉರಿಯುವ ಬೆಂಜೋಕ್ವಿನೋನ್ ಎಂಬುದನ್ನೂ ಒಂದಾದ ಮೇಲೊಂದು ಯಂತ್ರಕ್ಕೆ ಉಣಿಸಿ, ಎರಡನೆಯದರ ಉತ್ತರವು ಮೊದಲನೆಯದರ ನೂರಕ್ಕೆ ೮೫ರಿಂದ ೧೧೫ರೊಳಗೆ ಬರಬೇಕೆಂದು ವಿಧಿಸಿದ್ದಾರೆ. ಒಳ್ಳೆಯ ಪರೀಕ್ಷೆಯೇ ಸರಿ. ಆದರೆ ಸಕ್ಕರೆ ನೀರೆಂದರೆ ಸೂಕ್ಷ್ಮಜೀವಿಗಳಿಗೆ ಔತಣ. ಹೇಗೋ ಒಂದೆರಡು ಒಳಹೊಕ್ಕು ಬೆಳೆದವೆನ್ನೋಣ. ಶೀಶೆಯ ಮೇಲೆ ೩ ಎಂದು ಬರೆದಿದೆ. ಒಳಗೆ ಉಳಿದಿರುವುದು ೨. ಇದನ್ನರಿಯದೆ ಯಂತ್ರವನ್ನು ಅದಕ್ಕೆ ಹೊಂದಿಸಿದರೆ, ಅಂದಿನಿಂದ ಯಂತ್ರವು ಎರಡನ್ನು ಮೂರೆಂದು ಕೂಗುವುದು. ಶುದ್ಧವಾದ ನೀರನ್ನೇ ಕೆಟ್ಟಿತೆಂದು ಬಗೆದು, ಬದಲಿ ಶೋಧಕಗಳನ್ನು ಕಾಲಕ್ಕೆ ಮೊದಲೇ ಮುಗಿಸಿ ಕುಳಿತುಕೊಳ್ಳುವ ಪ್ರಸಂಗ. ಇದಕ್ಕೆ ತಿರುಗುಮುರುಗಾದುದೂ ಉಂಟು. ದ್ರವವನ್ನು ತುಂಬಿದ ಪ್ಲಾಸ್ಟಿಕ್ ಚೀಲವೇ ಕಾಲಾಂತರದಲ್ಲಿ ತನ್ನ ಇಂಗಾಲವನ್ನು ಅದಕ್ಕೆ ಬಿಟ್ಟುಕೊಟ್ಟು, ಚೀಟಿಯಲ್ಲಿ ೩ ಇದ್ದುದು ಒಳಗೆ ೪ ಆಗಿರಬಹುದು. ಆಗ ಯಂತ್ರವು ನಾಲ್ಕನ್ನು ಮೂರೆಂದು ಹೇಳಿ ಕೇಡನ್ನು ಮುಚ್ಚಿಹಾಕುವುದು. ಇದು ಮೊದಲನೆಯದಕ್ಕಿಂತ ಘೋರವಾದದ್ದು.

ಬೆಳ್ಳಿಯ ವಿಷಯವು ಇನ್ನೂ ಸೂಕ್ಷ್ಮ. ನೀರಿನಲ್ಲಿ ಕರಗಿದ ಬೆಳ್ಳಿಯು ಪಾತ್ರೆಯ ಗೋಡೆಗೆ ಅಂಟಿಕೊಳ್ಳುವ ಸ್ವಭಾವದ್ದು. ಲೋಹದ ಕೊಳವೆಯಾದರಂತೂ ಬೇಗನೆ ಅಂಟುವುದು. ಪ್ರಮಾಣದ್ರವದಲ್ಲಿದ್ದ ನಾಲ್ಕು ಪಾಲು ಬೆಳ್ಳಿಯಲ್ಲಿ ಒಂದು ಪಾಲು ಗೋಡೆಯ ಪಾಲಾದರೆ, ಯಂತ್ರವು ಮೂರನ್ನು ನಾಲ್ಕೆಂದು ಕಲಿತುಕೊಳ್ಳುವುದು. ಕುಡಿಯುವ ನೀರಿನಲ್ಲಿ ಕ್ರಿಮಿನಾಶಕವು ಕಡಿಮೆಯಾಗಿದ್ದರೂ ಸಾಕಷ್ಟಿದೆಯೆಂದು ಅಭಯ ಕೊಡುವುದು. ೨೦೦೯ರಲ್ಲಿ ನಿಲ್ದಾಣಕ್ಕೆ ಕಳುಹಿಸಿದ ಇನ್ನೊಂದು ಪೆಟ್ಟಿಗೆಯಲ್ಲಿ ಬೆಳ್ಳಿ ಅಯೋಡಿನ್‌ಗಳನ್ನು ನೋಡಲು ನೀರನ್ನು ಪಿಚಕಾರಿಯಿಂದ ಒಂದು ಸಣ್ಣ ಬಿಲ್ಲೆಯ ಮೂಲಕ ಹಾಯಿಸಿ, ಬಿಲ್ಲೆಯ ಮೇಲೆ ಮೂಡುವ ಬಣ್ಣವನ್ನು ಬೆಳಕಿನಿಂದ ಓದುವ ಏರ್ಪಾಡಿತ್ತು. ಜಾಣ್ಮೆಯ ಉಪಾಯ. ಆದರೆ ಭಾರವಿಲ್ಲದೆಡೆ ಗಾಳಿಯ ಗುಳ್ಳೆಯು ಮೇಲೇರಿ ಹೋಗದೆ ನೀರಿನೊಳಗೇ ಉಳಿಯುತ್ತದಷ್ಟೆ. ಪಿಚಕಾರಿಯಲ್ಲಿ ಹತ್ತು ಮಿಲಿಲೀಟರ್ ಎಂದು ಗೆರೆ ತೋರಿಸಿದರೂ ಅದರಲ್ಲಿ ಒಂದು ಗುಳ್ಳೆಯಿದ್ದರೆ ನೀರು ಅಷ್ಟಿಲ್ಲ, ಬಣ್ಣವೂ ಅಷ್ಟು ಮೂಡದು. ಗುಳ್ಳೆಯು ಎಲೆಕ್ಟ್ರೋಡಿನ ಮೇಲೆ ಕುಳಿತರೆ ಅದು ಹೇಳುವ ಸಂಖ್ಯೆಯೂ ಕೆಡುವುದು. ಆಮ್ಲತ್ವವನ್ನು ನೋಡುವ ಗಾಜಿನ ಎಲೆಕ್ಟ್ರೋಡು ಒಣಗಿದರೆ ದಾರಿತಪ್ಪುವುದು, ಹಸಿಯಾಗಿದ್ದರೂ ದಿನದಿನಕ್ಕೆ ಕೊಂಚ ಕೊಂಚ ಜಾರುವುದು. ನಮ್ಮ ಕಾಲೇಜುಗಳ ರಸಾಯನಶಾಲೆಯಲ್ಲಿ ಪ್ರತಿ ಬೆಳಿಗ್ಗೆಯೂ ಅದನ್ನು ಗೊತ್ತಾದ ದ್ರವದಲ್ಲಿ ಅದ್ದಿ ಸರಿಪಡಿಸುವುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು.

ಹಾಗಾದರೆ ಒಣ ಪುಡಿಯನ್ನೇ ಒಯ್ದು, ಬೇಕಾದಾಗ ಅಲ್ಲಿಯೇ ನೀರಿನಲ್ಲಿ ಕರಗಿಸಿಕೊಳ್ಳಬಾರದೇ? ಇದು ಯೋಗ್ಯವಾದ ಸೂಚನೆ. ಪುಡಿಯು ದ್ರವಕ್ಕಿಂತ ಹೆಚ್ಚು ಕಾಲ ಬಾಳುವುದು, ತೂಕವೂ ಕಡಿಮೆ. ಆದರೆ ಅಲ್ಲಿ ತಕ್ಕಡಿಯು ತೂಗದು! ತೂಕವೇ ಇಲ್ಲದ ಸ್ಥಳದಲ್ಲಿ ಮನುಷ್ಯನ ಮೈತೂಕವನ್ನು ಸಹ ಸ್ಪ್ರಿಂಗಿಗೆ ಕಟ್ಟಿ ಹಿಂದುಮುಂದಾಗಿ ಆಡಿಸಿ ತಿಳಿಯಬೇಕಾಗಿದೆ. ಆದಕಾರಣ ಪುಡಿಯನ್ನು ಭೂಮಿಯಲ್ಲಿಯೇ ಗುಂಜಿಯ ಭಾಗಾಂಶದವರೆಗೆ ತೂಗಿ ಗುಳಿಗೆಗಳಲ್ಲಿ ಮೊಹರು ಮಾಡಬೇಕು. ಕರಗಿಸುವ ನೀರೋ, ಯಾವುದನ್ನು ಪರೀಕ್ಷಿಸಬೇಕಾಗಿದೆಯೋ ಅದೇ ನೀರು. ಆರೋಪಿಯ ಕೈಯಲ್ಲಿಯೇ ಸಾಕ್ಷಿಯ ಹೇಳಿಕೆಯನ್ನು ಬರೆಯಿಸಿದಂತೆ ಆಗುವುದು. ಪರಿಹಾರವಿಲ್ಲವೆಂದಲ್ಲ. ಕರಗಿಸುವುದಕ್ಕೆ ಮುಂಚೆಯೂ ಕರಗಿಸಿದ ಮೇಲೂ ಅಳೆದು, ಎರಡರ ವ್ಯತ್ಯಾಸವನ್ನು ಗುಳಿಗೆಯ ಗೊತ್ತಾದ ತೂಕದೊಡನೆ ಹೋಲಿಸಬಹುದು. ನೀರಿನಲ್ಲಿ ಮೊದಲೇ ಏನಿದ್ದರೂ ವ್ಯತ್ಯಾಸಕ್ಕೆ ಬಾಧಕವಿಲ್ಲ. ರಸಾಯನಶಾಸ್ತ್ರದಲ್ಲಿ ಈ ವಿಧಾನವು ಹಳೆಯದು. ಜೊತೆಗೆ ಒಂದೇ ವಸ್ತುವನ್ನು ಬೇರೆ ಬೇರೆ ತತ್ತ್ವದ ಮೇಲೆ ಅಳೆಯುವ ಎರಡು ಸಲಕರಣೆಗಳಿದ್ದರೆ, ಎರಡೂ ಒಂದೇ ದಿಕ್ಕಿಗೆ ಒಂದೇ ಕಾಲಕ್ಕೆ ಕೆಡುವ ಸಂಭವವು ಕಡಿಮೆ. ಆದರೆ ಇಬ್ಬರು ಸಾಕ್ಷಿಗಳು ಪರಸ್ಪರ ವಿರುದ್ಧವಾಗಿ ನುಡಿದಾಗ ಯಾರನ್ನು ನಂಬಬೇಕೆಂದು ನಿರ್ಣಯಿಸಲು ಮೂರನೆಯವನೊಬ್ಬನು ಬೇಕಾಗುವನು. ಮೂರನೆಯವನಿಗೆ ನೌಕೆಯಲ್ಲಿ ಸ್ಥಳ ಬೇಕು, ವಿದ್ಯುತ್ತು ಬೇಕು. ಇದರ ಮೇಲೆ ಇನ್ನೊಂದು ತೊಡಕು: ಯಾತ್ರಿಗಳು ಗ್ರಹದ ಮೇಲೆ ಇಳಿದಿರುವಾಗ ತಾಯಿನೌಕೆಯು ತಿಂಗಳುಗಟ್ಟಲೆ ಬರಿದಾಗಿರಬಹುದು. ನಿಂತ ನೀರೂ ನಿಂತ ಯಂತ್ರವೂ ಓಡುತ್ತಿರುವವುಗಳಿಗಿಂತ ಬೇಗ ಕೆಡುವುವು. ಹಿಂದಿರುಗಿ ಬಂದವರು ಮೊದಲ ಲೋಟವನ್ನು ಯಾರ ಮಾತಿನ ಮೇಲೆ ಕುಡಿಯಬೇಕು?

ಯಂತ್ರವು ಚೆನ್ನಾಗಿದ್ದರೂ ಮನುಷ್ಯದೇಹವೇ ಅನಿರೀಕ್ಷಿತವನ್ನು ತರುವುದಕ್ಕೆ ದೃಷ್ಟಾಂತವನ್ನೂ ಹೇಳಿಬಿಡೋಣ. ಮೂತ್ರವನ್ನು ಬಟ್ಟಿ ಇಳಿಸುವ ಯಂತ್ರವು ೨೦೦೯ರಲ್ಲಿ ಕಟ್ಟಿಕೊಂಡು ನಿಂತಿತು. ಒಳಗೆ ನೋಡಿದರೆ ಸುಣ್ಣದ ಗಂಧಕಾಮ್ಲ ಲವಣ, ಎಂದರೆ ಜಿಪ್ಸಮ್ಮಿನ ಜಾತಿಯ ಗಸಿ. ಭಾರವಿಲ್ಲದ ವಾಸದಲ್ಲಿ ಮೂಳೆಗಳು ಸವೆದು ಅವುಗಳ ಸುಣ್ಣವು ಮೂತ್ರದಲ್ಲಿ ಹೆಚ್ಚಾಗಿ ಹೋಗುತ್ತಿದ್ದುದೇ ಕಾರಣ. ಭೂಮಿಯಲ್ಲಿ ಭೂಮಿಯವರ ಮೂತ್ರದಿಂದ ನಡೆಸಿದ ಪರೀಕ್ಷೆಯಲ್ಲಿ ಇದು ಹೊರಬಿದ್ದಿರಲಿಲ್ಲ. ಮೂತ್ರಕ್ಕೆ ಸೇರಿಸುವ ಆಮ್ಲವನ್ನು ಗಂಧಕಾಮ್ಲದಿಂದ ಫಾಸ್ಫಾರಿಕ್ ಆಮ್ಲಕ್ಕೆ ಬದಲಿಸಿದ ಮೇಲೆಯೇ ತೊಂದರೆಯು ನೀಗಿತು. ಭೂಮಿಯಲ್ಲಿ ಕುಳಿತು ಎಲ್ಲವನ್ನೂ ಮುಂಗಾಣಬಹುದೆಂಬ ಧೈರ್ಯವು ಯಾರಿಗೂ ಸಲ್ಲದು.

ಇದೆಲ್ಲ ಅಮೆರಿಕದವರ ಚಿಂತೆ, ನಮಗೇಕೆ ಎಂಬ ಆಕ್ಷೇಪವು ಬರಬಹುದು. ಬೆಂಗಳೂರಿನ ಮಾನವ ಬಾಹ್ಯಾಕಾಶಯಾನ ಕೇಂದ್ರದವರು ಸಿದ್ಧಪಡಿಸುತ್ತಿರುವ ಗಗನಯಾನವು ಕೆಲವೇ ದಿನಗಳದು. ಮೈಸೂರಿನ ರಕ್ಷಣಾ ಸಂಶೋಧನಾಲಯದವರ ಬುತ್ತಿಯೊಡನೆ ನೀರನ್ನೂ ಕಟ್ಟಿಕೊಂಡು ಹೋದರೆ ಸಾಕು. ಇದನ್ನು ನಾವು ಒಪ್ಪುತ್ತೇವೆ. ಆದರೆ ೨೦೩೫ರೊಳಗೆ ಭಾರತೀಯ ಅಂತರಿಕ್ಷ ನಿಲ್ದಾಣವನ್ನು ಸ್ಥಾಪಿಸುವುದೆಂದೂ, ಅದರ ಮೊದಲ ಖಂಡವನ್ನು ೨೦೨೮ರಲ್ಲಿ ಕಳುಹಿಸುವುದೆಂದೂ ಸರ್ಕಾರದವರು ಗುರಿಯಿಟ್ಟುಕೊಂಡಿದ್ದಾರೆ. ೨೦೨೪ರ ಸೆಪ್ಟೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ಆ ಮೊದಲ ಖಂಡಕ್ಕೆ ಅನುಮತಿಯನ್ನೂ ಕೊಟ್ಟಿದೆ. ನಿಲ್ದಾಣವೆಂದ ಮೇಲೆ ವಾಸ, ವಾಸವೆಂದ ಮೇಲೆ ನೀರು. ರಾಕೆಟ್ಟಿನ ಎಂಜಿನು, ಕೋಶದ ಗೋಡೆ, ಇಳಿಯುವ ಛತ್ರಿ, ಇವುಗಳಿಗೆ ದೊರೆಯುವ ಗಮನವು ಒಂದು ಶೀಶೆ ಪ್ರಮಾಣದ್ರವಕ್ಕೆ ದೊರೆಯುವುದಿಲ್ಲ. ಅದರ ಛಾಯಾಚಿತ್ರವನ್ನು ಯಾವ ಪತ್ರಿಕೆಯೂ ಅಚ್ಚುಹಾಕದು. ನಮ್ಮ ಪತ್ರಿಕೆಯೂ ಈ ಅಪರಾಧದಿಂದ ಮುಕ್ತವಲ್ಲ.

ಯಂತ್ರವನ್ನು ಬೇಕಾದರೆ ಹೊರದೇಶದಿಂದ ಕೊಳ್ಳಬಹುದು. ತಾಳೆ ನೋಡುವ ವಿದ್ಯೆಯನ್ನು ಕೊಳ್ಳಲಾಗದು. ಅದು ಪ್ರತಿದಿನದ ಅಭ್ಯಾಸದಿಂದ, ವರ್ಷಗಟ್ಟಲೆ ಬರೆದಿಟ್ಟ ದಫ್ತರಗಳಿಂದ, ತಪ್ಪನ್ನು ಅಡಗಿಸದೆ ಒಪ್ಪಿಕೊಳ್ಳುವ ಕೆಲಸಗಾರರಿಂದ ಬರತಕ್ಕದ್ದು. ಮೇಲೆ ಹೇಳಿದ ದಿಲ್ಲಿಯ ಪ್ರಯೋಗಶಾಲೆಯವರು ಭಾರತೀಯ ನಿರ್ದೇಶಕ ದ್ರವ್ಯವೆಂಬ ಹೆಸರಿನಲ್ಲಿ ಪ್ರಮಾಣದ್ರವ್ಯಗಳನ್ನು ಹೊರತರುತ್ತಿದ್ದಾರೆ. ಬೆಂಗಳೂರಿನ ಕೇಂದ್ರವೂ, ಭಾರತೀಯ ವಿಜ್ಞಾನ ಸಂಸ್ಥೆಯೂ, ಅವರೂ ಕೂಡಿ ಈ ವಿಷಯಕ್ಕಾಗಿಯೇ ಒಂದು ಸಣ್ಣ ಶಾಲೆಯನ್ನು ಏರ್ಪಡಿಸಿ, ಫಲಿತಾಂಶಗಳನ್ನು, ಮುಖ್ಯವಾಗಿ ವಿಫಲತೆಗಳನ್ನು, ಬಹಿರಂಗವಾಗಿ ಅಚ್ಚುಮಾಡತಕ್ಕದ್ದೆಂದು ನಮ್ಮ ಅಭಿಪ್ರಾಯ. ೨೦೧೦ರ ಸಂಗತಿಯನ್ನು ಅಮೆರಿಕದವರು ಮುಚ್ಚಿಡದೆ ಬರೆದುದರಿಂದಲೇ ನಾವು ಇಂದು ಅದನ್ನು ಓದಿ ತಿಳಿಯುವಂತಾಯಿತು.

ಊರ ಕೊಳಾಯಿಗಳಲ್ಲಿ ನೀರಿಲ್ಲದಿರುವಾಗ ಆಕಾಶದ ನೀರಿನ ಮಾತೇಕೆಂದು ಕೇಳುವ ಸ್ನೇಹಿತರೂ ನಮಗಿದ್ದಾರೆ. ಅವರ ಕೋಪವು ನ್ಯಾಯವಾದದ್ದು. ತರ್ಕವು ಮಾತ್ರ ಸಾಲದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡು ಹೆಚ್ಚಾಗಿ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆ ಮೂಡುವುದನ್ನು ಯಾರು ಅರಿಯರು? ಲೀಟರಿಗೆ ೧ ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಲ್ಲಿ ೧.೫ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕವು ಹೇಳುವುದು. ಒಂದಕ್ಕೂ ಒಂದೂವರೆಗೂ ಇರುವ ಅಂತರವನ್ನು ತಪ್ಪದೆ ಹೇಳಬಲ್ಲ ಪರೀಕ್ಷೆಯಿಲ್ಲದಿದ್ದರೆ ಈ ಮಾನಕವು ಕಾಗದದಲ್ಲಿಯೇ ಉಳಿಯುವುದು. ೨೦೧೯ರಲ್ಲಿ ಆರಂಭವಾದ ಜಲ ಜೀವನ ಯೋಜನೆಯಡಿ ಹಳ್ಳಿಗಳಲ್ಲಿಯೇ ನೀರನ್ನು ನೋಡುವ ಪರೀಕ್ಷಾಪೆಟ್ಟಿಗೆಗಳನ್ನು ಹಂಚಿ, ಹೆಂಗಸರಿಗೆ ಅದರ ಶಿಕ್ಷಣವನ್ನು ಕೊಟ್ಟದ್ದು ಶ್ಲಾಘನೀಯ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಪಂಚಾಯಿತಿ ಕಚೇರಿಯ ಕಬ್ಬಿಣದ ಬೀರುವಿನಲ್ಲಿ ಕುಳಿತ ಆ ಪೆಟ್ಟಿಗೆಯ ಬಣ್ಣದ ಔಷಧಿಗೂ, ಮಂಗಳದ ದಾರಿಯಲ್ಲಿ ಮೂರು ವರ್ಷ ಕುಳಿತ ಶೀಶೆಗೂ ಸಂಕಟವು ಒಂದೇ ಜಾತಿಯದು: ಪಕ್ಕದಲ್ಲಿ ಪ್ರಯೋಗಶಾಲೆಯಿಲ್ಲ, ಪರೀಕ್ಷಿಸುವವರು ರಸಾಯನಶಾಸ್ತ್ರಜ್ಞರಲ್ಲ, ಔಷಧಿಯು ಮುಪ್ಪಾಗಿದೆಯೇ ಎಂದು ಕೇಳಲು ಉಪಾಯವಿಲ್ಲ. ಕೆಡದ ಪುಡಿಯ ಒಂದು ಗುಳಿಗೆಯನ್ನು ಬೆಂಗಳೂರಿನಲ್ಲಿ ಯಾರಾದರೂ ಸಾಧಿಸಿದರೆ ಅದರ ಮೊದಲ ಪ್ರಯೋಜನವು ಬಾಗೇಪಲ್ಲಿಗೋ ಪಾವಗಡಕ್ಕೋ ದೊರೆಯಬಹುದು. ಆ ಕೆಲಸಕ್ಕೆ ರಾಕೆಟ್ಟು ಹಾರುವ ತನಕ ಕಾಯಬೇಕಾದುದಿಲ್ಲ.

ಕಡೆಯದಾಗಿ ಕಾಲದ ಲೆಕ್ಕ. ಮೂರು ವರ್ಷ ಇಟ್ಟರೂ ಕೆಡದೆಂದು ಒಂದು ದ್ರವದ ವಿಷಯದಲ್ಲಿ ಪ್ರಮಾಣಪತ್ರ ಬರೆಯಬೇಕಾದರೆ ಅದನ್ನು ಮೂರು ವರ್ಷ ಇಟ್ಟು ನೋಡಬೇಕು. ಬಿಸಿಮಾಡಿ ಬೇಗ ಮುಪ್ಪಾಗಿಸಿ ನೋಡುವ ಅಡ್ಡದಾರಿಗಳು ಅಂದಾಜನ್ನು ಕೊಡಬಲ್ಲವೇ ಹೊರತು ಸಾಕ್ಷ್ಯವನ್ನಲ್ಲ. ನಿಲ್ದಾಣದಲ್ಲಿ ಜನರು ವಾಸಿಸುವುದಕ್ಕೆ ಮುಂಚೆ ಹೀಗೆ ಎರಡು ಮೂರು ಆವೃತ್ತಿಗಳನ್ನಾದರೂ ಮಾಡಿ ನೋಡಬೇಕೆಂದರೆ, ಮೊದಲ ಶೀಶ��ಗೆ ಮುಚ್ಚಳವಿಟ್ಟು ತಾರೀಖನ್ನು ಬರೆಯುವ ಕೆಲಸವು ಈ ವರ್ಷವೇ ಆಗತಕ್ಕದ್ದು.